ಒಡೆತನವನ್ನು ಕೊರೆಯುವ ವಾಕ್ಯಗಳು: ಫ್ಲ್ಯಾಟ್ ಕರಾರಿನಲ್ಲಿ ನಾವು ಓದದೆ ಬಿಡುವ ಪುಟಗಳು

ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳುವವರು ಕರಾರುಪತ್ರದಲ್ಲಿ ಮೂರು ಸಂಗತಿಗಳನ್ನು ತಪ್ಪದೆ ನೋಡುತ್ತಾರೆ: ಬೆಲೆ, ಚದರಡಿ, ಕೀಲಿಕೈ ಕೊಡುವ ದಿನಾಂಕ. ಸಾಲ ಕೊಡುವ ಬ್ಯಾಂಕಿನ ವಕೀಲರು ಜಮೀನಿನ ಮೂಲಪತ್ರ, ಖಾತೆ, ಋಣಭಾರ ಪ್ರಮಾಣಪತ್ರಗಳನ್ನು ನೋಡುತ್ತಾರೆ. ಇವೆರಡರ ಆಚೆಗೆ ಹತ್ತಾರು ಪುಟಗಳಷ್ಟು ಒತ್ತಾದ ಇಂಗ್ಲಿಷ್ ಉಳಿದಿರುತ್ತದೆ. ಬಿಲ್ಡರ್ ತನಗಾಗಿ ಕಾಯ್ದಿರಿಸಿಕೊಂಡ ಹಕ್ಕುಗಳು ಇರುವುದು ಅಲ್ಲಿ. ತಾರಸಿಯನ್ನು ಬೇಕಾದಂತೆ ಬಳಸುವ ಹಕ್ಕು, ನಿಯಮ ಬದಲಾಗಿ ಮುಂದೆ ಹೆಚ್ಚುವರಿ ಎಫ್‌ಎಆರ್ (ಜಮೀನಿನ ಅಳತೆಗೆ ತಕ್ಕಂತೆ ಕಟ್ಟಬಹುದಾದ ವಿಸ್ತೀರ್ಣದ ಮಿತಿ) ಸಿಕ್ಕರೆ ಅದರಲ್ಲಿ ಕಟ್ಟುವ ಹಕ್ಕು, ಪಕ್ಕದ ಜಮೀನನ್ನು ಕೊಂಡರೆ ಅದಕ್ಕೂ ಇದೇ ರಸ್ತೆಯನ್ನು ದಾರಿಯಾಗಿ ಕೊಡುವ ಹಕ್ಕು, ನಕ್ಷೆ ಬದಲಿಸಲು ಕೊಳ್ಳುವವರು ಈಗಲೇ ಕೊಟ್ಟ ಒಪ್ಪಿಗೆ. ಪ್ರತಿಯೊಂದೂ ಒಂದೊಂದು ವಾಕ್ಯ. ಆ ಒಂದೊಂದು ವಾಕ್ಯವೂ ಕೊಂಡವರ ಒಡೆತನದಿಂದ ಒಂದಿಷ್ಟನ್ನು ಕೊರೆದು ತೆಗೆಯುತ್ತದೆ.

ಕಳೆದ ಹತ್ತು ವರ್ಷಗಳಲ್ಲಿ ಮನೆ ಕೊಳ್ಳುವವರ ಪರವಾಗಿ ಕಾನೂನು ಬಹಳ ದೂರ ಬಂದಿದೆ. ಸುಪ್ರೀಂ ಕೋರ್ಟ್ ಏಕಪಕ್ಷೀಯ ಕರಾರುಗಳನ್ನು ತಳ್ಳಿಹಾಕಿದೆ, ಸ್ಥಿರಾಸ್ತಿ ವ್ಯವಹಾರವನ್ನು ನಿಯಂತ್ರಿಸುವ ರೇರಾ ಕಾಯ್ದೆ ಬಂದಿದೆ. ಆದರೆ ಈ ಗೆಲುವುಗಳೆಲ್ಲ ಬಹುಮಟ್ಟಿಗೆ ಹಣಕ್ಕೆ ಸಂಬಂಧಿಸಿದವು: ತಡವಾದರೆ ಎಷ್ಟು ಬಡ್ಡಿ, ಬೇಡವೆಂದರೆ ಎಷ್ಟು ಮರುಪಾವತಿ. ಆಸ್ತಿಯನ್ನೇ ಮುಟ್ಟುವ ವಾಕ್ಯಗಳ ಕಡೆಗೆ ನಮ್ಮ ನ್ಯಾಯಾಲಯಗಳ, ಶಾಸಕರ, ಕಾನೂನು ವಿದ್ವಾಂಸರ ಕಣ್ಣು ಇನ್ನೂ ಸರಿಯಾಗಿ ಹೊರಳಿಲ್ಲ. ಫ್ಲ್ಯಾಟಿನ ವಿಷಯದಲ್ಲಿ ಇದು ಸಣ್ಣ ಕೊರತೆಯಲ್ಲ.

ನಿವೇಶನದ ಮನೆಗೂ ಫ್ಲ್ಯಾಟಿಗೂ ಇಲ್ಲಿ ಮೂಲಭೂತ ವ್ಯತ್ಯಾಸವಿದೆ. ನಿವೇಶನದ ಕ್ರಯಪತ್ರ ಎಷ್ಟೇ ಒರಟಾಗಿದ್ದರೂ ಚಕ್ಕುಬಂದಿ ಸರಿಯಾಗಿದ್ದರೆ ನೆಲ ತಾನೇ ಸಾಕ್ಷಿ ಹೇಳುತ್ತದೆ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಸ್ವತ್ತು ಎಂದು ಬರೆದದ್ದನ್ನು ಹೋಗಿ ನೋಡಬಹುದು, ಕಲ್ಲು ನೆಡಬಹುದು. ಹನ್ನೊಂದನೇ ಮಹಡಿಯ ಫ್ಲ್ಯಾಟಿಗೆ ಅಂಥ ನೆಲವಿಲ್ಲ. ಅದರ ಒಡೆಯರಿಗೆ ಸೇರಿದ್ದು ನಾಲ್ಕು ಗೋಡೆಗಳ ನಡುವಿನ ಜಾಗ, ಕೆಳಗಿನ ಇಡೀ ಜಮೀನಿನಲ್ಲಿ ಗುರುತಿಸಲಾಗದ ಒಂದು ಅವಿಭಜಿತ ಪಾಲು, ಮತ್ತು ಲಿಫ್ಟು, ಮೆಟ್ಟಿಲು, ಸಂಪು, ಓಣಿಗಳನ್ನು ಇತರರ ಜೊತೆ ಬಳಸುವ ಹಕ್ಕು. ಈ ಮೂರರ ಗಡಿಯನ್ನೂ ಹಾಕುವುದು ಪತ್ರದ ಭಾಷೆ. ವಾಕ್ಯ ಬದಲಾದರೆ ಆಸ್ತಿಯೇ ಬದಲಾಗುತ್ತದೆ.

ಆಸ್ತಿಯ ಭಾಷೆ ಸೂತ್ರಬದ್ಧವಾಗಿರಬೇಕು ಎಂಬ ತಿಳಿವಳಿಕೆ ಈ ನೆಲದಲ್ಲಿ ಹಳೆಯದು. ವಿಜಯನಗರ ಕಾಲದ ದಾನಶಾಸನಗಳನ್ನು ಓದಿದವರಿಗೆ ಅಷ್ಟಭೋಗ ತೇಜಸ್ವಾಮ್ಯದ ಪಟ್ಟಿ ಬಾಯಿಗೆ ಬರುತ್ತದೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಹೂತಿಟ್ಟ ಧನದಿಂದ ಹಿಡಿದು ನೀರು, ಕಲ್ಲು, ಈಗ ಬರುತ್ತಿರುವ ಫಲ, ಮುಂದೆ ಬರಬಹುದಾದ ಫಲ ಎಲ್ಲವೂ ಪಡೆದವರಿಗೆ ಸೇರಿತು ಎಂದು ಅದರ ಅರ್ಥ. ಅಗ್ರಹಾರ ಯಾವುದೇ ಇರಲಿ, ಪಟ್ಟಿ ಹೆಚ್ಚುಕಡಿಮೆ ಅದೇ. ಕನ್ನಡದ ಹಳೆಯ ಕ್ರಯಪತ್ರಗಳಲ್ಲೂ ಇದರ ನೆರಳು ಉಳಿದಿತ್ತು. ಪುತ್ರಪೌತ್ರ ಪಾರಂಪರ್ಯವಾಗಿ, ದಾನ ವಿಕ್ರಯಾದಿಗಳಿಗೆ ಯೋಗ್ಯವಾಗಿ ಅನುಭವಿಸಿಕೊಂಡು ಬರುವುದು ಎಂದು ಪತ್ರ ಬರೆಯುವ ಬಿಕ್ಕಲಂದಾರರು ಬರೆಯುತ್ತಿದ್ದರು. ಹತ್ತು ಊರುಗಳ ಪತ್ರಗಳನ್ನು ತೆಗೆದರೂ ಅದೇ ಸೂತ್ರ. ಅದರಿಂದಾಗುವ ಉಪಕಾರ ದೊಡ್ಡದು. ಪತ್ರವನ್ನು ಎಂದೂ ಓದದ ಮೂರನೆಯವನಿಗೂ, ಐವತ್ತು ವರ್ಷದ ನಂತರ ಕೊಳ್ಳುವವನಿಗೂ, ಏನು ಮಾರಾಟವಾಗಿದೆ ಎಂಬುದು ಮೊದಲೇ ಗೊತ್ತಿರುತ್ತದೆ.

ಅಮೆರಿಕದ ಕಾನೂನು ವಿದ್ವಾಂಸರಾದ ಥಾಮಸ್ ಮೆರಿಲ್ ಮತ್ತು ಹೆನ್ರಿ ಸ್ಮಿತ್ 2000ದಲ್ಲಿ ಮಂಡಿಸಿದ ವಾದದ ತಿರುಳೂ ಇದೇ. ಕರಾರು ಇಬ್ಬರ ನಡುವಿನದು; ಅವರು ಬೇಕಾದ ಷರತ್ತು ಹಾಕಿಕೊಳ್ಳಲಿ. ಆಸ್ತಿಯ ಹಕ್ಕು ಇಡೀ ಲೋಕದ ಮೇಲೆ ಬೀಳುವಂಥದ್ದು. ಪ್ರತಿಯೊಬ್ಬರೂ ತಮಗೆ ತೋಚಿದ ಹೊಸ ಬಗೆಯ ಆಸ್ತಿಹಕ್ಕನ್ನು ಸೃಷ್ಟಿಸುತ್ತ ಹೋದರೆ, ಮುಂದಿನ ಕೊಳ್ಳುಗರು ಪ್ರತಿಯೊಂದು ಪತ್ರವನ್ನೂ ಬಗೆದು ನೋಡಬೇಕಾಗುತ್ತದೆ. ಆ ಖರ್ಚು ಎಲ್ಲರ ತಲೆಯ ಮೇಲೆ ಬೀಳುತ್ತದೆ. ಆದ್ದರಿಂದ ಆಸ್ತಿಹಕ್ಕುಗಳ ಬಗೆಗಳು ಎಣಿಸಿಟ್ಟಷ್ಟೇ ಇರಬೇಕು ಎಂಬ ತತ್ವವನ್ನು ಕಾನೂನು ಬಿಡದೆ ಹಿಡಿದುಕೊಂಡಿದೆ.

ಭಾರತದ ಕಾನೂನಿನಲ್ಲಿ ಕರಾರು ಮತ್ತು ಆಸ್ತಿಯ ನಡುವಿನ ಗೆರೆ ಇಂಗ್ಲೆಂಡಿಗಿಂತ ಗಟ್ಟಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ: ಮಾರಾಟದ ಕರಾರು ತಾನಾಗಿಯೇ ಆ ಸ್ವತ್ತಿನಲ್ಲಿ ಯಾವುದೇ ಹಿತವನ್ನು ಹುಟ್ಟಿಸುವುದಿಲ್ಲ. ಇಂಗ್ಲೆಂಡಿನಲ್ಲಿ ಕರಾರಾದ ಕೂಡಲೇ ಕೊಳ್ಳುವವನಿಗೆ ಸಮನ್ಯಾಯದ ನೆಲೆಯಲ್ಲಿ ಒಂದು ಬಗೆಯ ಒಡೆತನ ಸಿಗುತ್ತದೆ, ಇಲ್ಲಿ ಸಿಗುವುದಿಲ್ಲ. ಇಲ್ಲಿ ಸಿಗುವುದು ಕ್ರಯಪತ್ರ ಮಾಡಿಕೊಡು ಎಂದು ಕೇಳುವ ಹಕ್ಕು, ಮತ್ತು 55ನೇ ಕಲಮಿನ ಪ್ರಕಾರ ಕೊಟ್ಟ ಹಣದ ಮಟ್ಟಿಗೆ ಮಾರುವವನ ಸ್ವತ್ತಿನ ಮೇಲೆ ಒಂದು ಋಣಭಾರ. 2011ರ ಅಕ್ಟೋಬರಿನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಮೂಲಕ ಮಾಡುವ ಮಾರಾಟಗಳು ಒಡೆತನವನ್ನು ದಾಟಿಸುವುದಿಲ್ಲ ಎಂದು ಹೇಳಿದ್ದು ಇದೇ ಗೆರೆಯ ಮೇಲೆ ನಿಂತು.

ಫ್ಲ್ಯಾಟಿಗೆ ಮುಂಗಡ ಕೊಟ್ಟು ನಾಲ್ಕೈದು ವರ್ಷ ಕಂತು ಕಟ್ಟುತ್ತಿರುವ ಕುಟುಂಬ ಈ ಗೆರೆಯ ಯಾವ ಕಡೆ ಇದೆ ಎಂಬುದಕ್ಕೆ ದಿವಾಳಿ ಕಾನೂನು ಕೊಟ್ಟ ಉತ್ತರ ಕಣ್ಣು ತೆರೆಸುವಂಥದ್ದು. 2018ರ ತಿದ್ದುಪಡಿಯು ಮನೆಗಾಗಿ ಕೊಟ್ಟ ಹಣವನ್ನು ಸಾಲಕ್ಕೆ ಸಮಾನವೆಂದು ಪರಿಗಣಿಸಿ, ಕೊಳ್ಳುವವರನ್ನು ಹಣಕಾಸು ಸಾಲದಾತರ ಸಾಲಿಗೆ ಸೇರಿಸಿತು. 2019ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಇದರಿಂದ ಕೊಳ್ಳುವವರಿಗೆ ಬಲ ಬಂದದ್ದು ನಿಜ. ಆದರೆ ಆ ಬಲ ಸಿಕ್ಕಿದ್ದು ಮನೆಯ ಒಡೆಯರೆಂಬ ಕಾರಣಕ್ಕಲ್ಲ, ಸಾಲ ಕೊಟ್ಟವರೆಂಬ ಕಾರಣಕ್ಕೆ. ಅಂದರೆ ಕ್ರಯಪತ್ರ ನೋಂದಣಿಯಾಗುವ ದಿನದ ತನಕ ಕೊಳ್ಳುವವರ ಬಳಿ ಇರುವುದೆಲ್ಲ ಮಾತು. ಒಪ್ಪಿಕೊಂಡ, ಸಹಿ ಮಾಡಿದ ಮಾತು. ಆ ಮಾತು ಹೇಗಿದೆ ಎಂಬುದೇ ಆಗ ಸರ್ವಸ್ವ.

ಆ ಮಾತನ್ನು ಬರೆಯುವವರು ಯಾರು? ಅಚ್ಚಾದ ಕರಾರನ್ನು ಒಬ್ಬರು ಮುಂದಿಡುತ್ತಾರೆ, ಇನ್ನೊಬ್ಬರು ಒಪ್ಪಬೇಕು ಅಥವಾ ಬಿಟ್ಟುಹೋಗಬೇಕು. ಹಿಟ್ಲರನ ಜರ್ಮನಿಯನ್ನು ಬಿಟ್ಟು ಅಮೆರಿಕಕ್ಕೆ ಬಂದ ಫ್ರೆಡರಿಕ್ ಕೆಸ್ಲರ್ 1943ರಲ್ಲಿ ಇಂಥ ಕರಾರುಗಳ ಬಗ್ಗೆ ಬರೆದ ಪ್ರಬಂಧ ಇಂದಿಗೂ ಕಾನೂನು ಶಾಲೆಗಳಲ್ಲಿ ಪಾಠವಾಗಿದೆ. ಕರಾರು ಸ್ವಾತಂತ್ರ್ಯದ ಹೆಸರಿನಲ್ಲಿ ದೊಡ್ಡ ಸಂಸ್ಥೆಗಳು ತಮ್ಮದೇ ಖಾಸಗಿ ಶಾಸನಗಳನ್ನು ಹೊರಡಿಸುವ ಅಧಿಕಾರ ಪಡೆದುಬಿಡುತ್ತವೆ ಎಂಬುದು ಅವರ ಆತಂಕವಾಗಿತ್ತು. ನಾಡಿನ ಶಾಸನವನ್ನಾದರೆ ಚುನಾಯಿತರು ಚರ್ಚಿಸಿ ಮಾಡುತ್ತಾರೆ. ಅಚ್ಚಾದ ಕರಾರನ್ನು ಒಂದು ಪಕ್ಷದ ವಕೀಲರು ಒಂದು ಕೋಣೆಯಲ್ಲಿ ಕುಳಿತು ಬರೆಯುತ್ತಾರೆ, ಸಾವಿರಾರು ಮನೆಗಳ ಮೇಲೆ ಅದು ಜಾರಿಯಾಗುತ್ತದೆ.

ನಮ್ಮಲ್ಲಿ ಈ ಆತಂಕಕ್ಕೆ ನ್ಯಾಯಾಲಯದ ದನಿ ಸಿಕ್ಕಿದ್ದು 1986ರಲ್ಲಿ. ಸೆಂಟ್ರಲ್ ಇನ್‌ಲ್ಯಾಂಡ್ ವಾಟರ್ ಟ್ರಾನ್ಸ್‌ಪೋರ್ಟ್ ಕಾರ್ಪೊರೇಷನ್ ಎಂಬ ಸರ್ಕಾರಿ ಸಂಸ್ಥೆ ತನ್ನ ಕಾಯಂ ನೌಕರರನ್ನು ಮೂರು ತಿಂಗಳ ನೋಟಿಸು ಕೊಟ್ಟು ಕಾರಣ ಹೇಳದೆ ತೆಗೆದುಹಾಕಬಹುದು ಎಂಬ ನಿಯಮ ಇಟ್ಟುಕೊಂಡಿತ್ತು. ನ್ಯಾಯಮೂರ್ತಿ ಡಿ.ಪಿ. ಮದನ್ ಬರೆದ ತೀರ್ಪು ಅದನ್ನು ಸಂವಿಧಾನದ 14ನೇ ವಿಧಿಗೂ ಕರಾರು ಕಾಯ್ದೆಯ 23ನೇ ಕಲಮಿಗೂ ವಿರುದ್ಧವೆಂದು ಹೊಡೆದುಹಾಕಿತು. ಚೌಕಾಸಿಯ ಬಲ ಸಮಾನವಿಲ್ಲದ ಕಡೆ, ಅಚ್ಚಾದ ಚುಕ್ಕಿ ಗೆರೆಯ ಮೇಲೆ ಸಹಿ ಹಾಕುವುದರ ಹೊರತು ಬೇರೆ ದಾರಿಯಿಲ್ಲದ ಕಡೆ, ನ್ಯಾಯಾಲಯ ಅನ್ಯಾಯದ ಷರತ್ತನ್ನು ಜಾರಿ ಮಾಡುವುದಿಲ್ಲ ಎಂಬ ತತ್ವ ಅಲ್ಲಿಂದ ನೆಲೆಗೊಂಡಿತು. ವ್ಯಾಪಾರಿಗಳು ಸಮಬಲರಾಗಿ ಮಾಡಿಕೊಂಡ ಒಪ್ಪಂದಕ್ಕೆ ಇದು ಅನ್ವಯಿಸದು ಎಂದೂ ತೀರ್ಪು ಹೇಳಿತ್ತು.

ಮನೆ ಕೊಳ್ಳುವವರಿಗೆ ಆ ತತ್ವ ನೇರವಾಗಿ ತಲುಪಲು ಮೂರು ದಶಕಕ್ಕಿಂತ ಹೆಚ್ಚು ಕಾಲ ಹಿಡಿಯಿತು. 2019ರ ಏಪ್ರಿಲ್ 2ರಂದು ನ್ಯಾಯಮೂರ್ತಿಗಳಾದ ಯು.ಯು. ಲಲಿತ್ ಮತ್ತು ಇಂದು ಮಲ್ಹೋತ್ರಾ ಅವರ ಪೀಠ ಪಯೋನಿಯರ್ ಅರ್ಬನ್ ಸಂಸ್ಥೆಯ ಗುರುಗ್ರಾಮದ ಯೋಜನೆಯೊಂದರ ಕರಾರನ್ನು ಸಾಲುಸಾಲಾಗಿ ಓದಿತು. ಕೊಂಡವರು ಸುಮಾರು 4.83 ಕೋಟಿ ರೂಪಾಯಿ ಕಟ್ಟಿದ್ದರು. ಅವರು ಕಂತು ತಡ ಮಾಡಿದರೆ ವರ್ಷಕ್ಕೆ ಶೇ 18 ಬಡ್ಡಿ. ಅವರು ಯಾವುದಾದರೂ ಷರತ್ತು ಮುರಿದು, ನೋಟಿಸು ಬಂದ 30 ದಿನದೊಳಗೆ ಸರಿಪಡಿಸದಿದ್ದರೆ ಕರಾರು ತಾನಾಗಿಯೇ ರದ್ದು, ಇಸಾರೆಯ ಹಣ ಮುಟ್ಟುಗೋಲು. ಬಿಲ್ಡರ್ ಮನೆ ಕೊಡದಿದ್ದರೆ? ಕೊಟ್ಟ ಅವಧಿ ಮುಗಿದು, ಅದರ ಮೇಲಿನ ವಿನಾಯಿತಿಯ ಅವಧಿಯೂ ಮುಗಿದು, ಮತ್ತೆ 12 ತಿಂಗಳು ಕಾಯಬೇಕು. ಆಮೇಲೆ 90 ದಿನದ ನೋಟಿಸು. ಅದಾದ ಮೇಲೆ ಹಣ ಹಿಂದಿರುಗಿಸಲು ಬಿಲ್ಡರಿಗೆ ಇನ್ನೂ 90 ದಿನ. ಲೆಕ್ಕ ಹಾಕಿದರೆ ವಿನಾಯಿತಿಯ ಅವಧಿ ದಾಟಿ ಸುಮಾರು ಒಂದೂವರೆ ವರ್ಷ. ಅಲ್ಲಿಯವರೆಗೆ ಬಡ್ಡಿಯಿಲ್ಲ; ಆಮೇಲೂ ತಡವಾದರೆ ಶೇ 9 ಮಾತ್ರ. ಬಿಲ್ಡರ್ ಬರೆದ ಚುಕ್ಕಿ ಗೆರೆಯ ಮೇಲೆ ಸಹಿ ಹಾಕುವುದರ ಹೊರತು ಕೊಳ್ಳುವವರಿಗೆ ಬೇರೆ ದಾರಿ ಇರಲಿಲ್ಲ ಎಂಬುದು ಸ್ಪಷ್ಟವಾದರೆ ಅಂಥ ಷರತ್ತು ಅವರನ್ನು ಕಟ್ಟಿಹಾಕದು ಎಂದು ಪೀಠ ಹೇಳಿತು. ಶೇ 10.7 ಬಡ್ಡಿಯೊಂದಿಗೆ ಹಣ ಹಿಂದಿರುಗಿಸಬೇಕೆಂಬ ರಾಷ್ಟ್ರೀಯ ಗ್ರಾಹಕ ಆಯೋಗದ ಆದೇಶ ಉಳಿಯಿತು.

ಮರುವರ್ಷ ಬೆಂಗಳೂರಿನದೇ ಪ್ರಕರಣ ಬಂತು. ಬೇಗೂರಿನಲ್ಲಿ ಡಿಎಲ್‌ಎಫ್ ಸದರ್ನ್ ಹೋಮ್ಸ್ ಕಟ್ಟಿದ ವಸತಿ ಸಮುಚ್ಚಯದ 339 ಮಂದಿ ಕೊಳ್ಳುಗರು ದೂರು ತಂದಿದ್ದರು. 36 ತಿಂಗಳಲ್ಲಿ ಮನೆ ಕೊಡಬೇಕಿತ್ತು, ತಡವಾದರೆ ಚದರಡಿಗೆ ತಿಂಗಳಿಗೆ 5 ರೂಪಾಯಿ ಪರಿಹಾರವೆಂದು ಕರಾರು ಹೇಳುತ್ತಿತ್ತು. 1,500 ಚದರಡಿಯ ಫ್ಲ್ಯಾಟಿಗೆ ಇದು ತಿಂಗಳಿಗೆ 7,500 ರೂಪಾಯಿ. ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಬ್ಯಾಂಕಿನ ಕಂತು ಕಟ್ಟುತ್ತಿದ್ದವರಿಗೆ ಇದು ಎಲ್ಲಿಗೂ ಸಾಲುವ ಮೊತ್ತವಲ್ಲ. ಸಹಿ ಹಾಕಿದ್ದೀರಿ, ಅಷ್ಟೇ ಸಿಗುವುದು ಎಂಬುದು ಬಿಲ್ಡರನ ನಿಲುವು. ರಾಷ್ಟ್ರೀಯ ಆಯೋಗ ದೂರನ್ನು ವಜಾ ಮಾಡಿತು. 2020ರ ಆಗಸ್ಟ್ 24ರಂದು ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ಕೆ.ಎಂ. ಜೋಸೆಫ್ ಅದನ್ನು ಬದಲಿಸಿ, ಕರಾರಿನ 5 ರೂಪಾಯಿಯ ಮೇಲೆ ಕಟ್ಟಿದ ಹಣಕ್ಕೆ ವರ್ಷಕ್ಕೆ ಶೇ 6 ಸರಳ ಬಡ್ಡಿಯನ್ನೂ ಕೊಡಿಸಿದರು.

ಈ ತೀರ್ಪಿನಲ್ಲಿ ಬಡ್ಡಿಗಿಂತ ಮುಖ್ಯವಾದ ಇನ್ನೊಂದು ಭಾಗವಿದೆ. ಕ್ರಯಪತ್ರ ಮಾಡಿಸಿಕೊಂಡವರು ಪರಿಹಾರ ಕೇಳುವ ಹಕ್ಕನ್ನು ಕಳೆದುಕೊಂಡಿದ್ದಾರೆ ಎಂದು ಬಿಲ್ಡರ್ ವಾದಿಸಿದ್ದರು. ಒಡೆತನ ಬೇಕಿದ್ದರೆ ಪರಿಹಾರ ಬಿಡಿ, ಪರಿಹಾರ ಬೇಕಿದ್ದರೆ ಕ್ರಯಪತ್ರಕ್ಕೆ ಕಾಯುತ್ತಿರಿ ಎಂಬ ಆಯ್ಕೆಯ ಮುಂದೆ ಕೊಳ್ಳುವವರನ್ನು ನಿಲ್ಲಿಸುವುದು ನ್ಯಾಯವಲ್ಲ ಎಂದು ಪೀಠ ಅದನ್ನು ಒಪ್ಪಲಿಲ್ಲ. ಕರಾರಿನ ಭಾಷೆಯನ್ನು ಆಸ್ತಿಹಕ್ಕಿನ ಕುತ್ತಿಗೆಗೆ ಒತ್ತಿಹಿಡಿಯುವ ಪರಿ ಅಲ್ಲಿ ನ್ಯಾಯಾಲಯದ ಕಣ್ಣಿಗೆ ಬಿತ್ತು. ಬೆಂಗಳೂರಿನ ಎಷ್ಟೋ ಕುಟುಂಬಗಳು ಕೀಲಿಕೈ ಪಡೆಯುವ ದಿನ ನಮಗೆ ಯಾವ ತಕರಾರೂ ಇಲ್ಲ ಎಂಬ ಹಾಳೆಗೆ ಸಹಿ ಹಾಕಿ ಒಳಗೆ ಹೋಗಿವೆ. ಅವರಿಗೆ ಈ ಭಾಗ ಗೊತ್ತಿರಬೇಕು.

ಬಡ್ಡಿಯ ತಾರತಮ್ಯಕ್ಕೆ ರೇರಾ ಒಂದೇ ವಾಕ್ಯದಲ್ಲಿ ಮದ್ದು ಕೊಟ್ಟಿದೆ: ತಪ್ಪಿದರೆ ಬಿಲ್ಡರ್ ಕೊಡುವ ಬಡ್ಡಿಯೂ ಕೊಳ್ಳುವವರು ಕೊಡುವ ಬಡ್ಡಿಯೂ ಒಂದೇ ದರದಲ್ಲಿರಬೇಕು. ಕರ್ನಾಟಕದ 2017ರ ನಿಯಮಗಳ ಪ್ರಕಾರ ಅದು ಸ್ಟೇಟ್ ಬ್ಯಾಂಕಿನ ಎಂಸಿಎಲ್‌ಆರ್ (ಸಾಲದ ಮೂಲ ಬಡ್ಡಿದರ) ಮೇಲೆ ಶೇ 2. ಬರಹದ ಕರಾರು ನೋಂದಣಿಯಾಗದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಹೇಳಿದ ದಿನಕ್ಕೆ ಮನೆ ಸಿಗದಿದ್ದರೆ ಹಣ ವಾಪಸು ಕೇಳುವ ಹಕ್ಕಿಗೆ ಯಾವ ನೆಪವೂ ಅಡ್ಡಿಯಲ್ಲ ಎಂದು 2021ರ ನವೆಂಬರಿನಲ್ಲಿ ನ್ಯೂಟೆಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಣದ ಮಟ್ಟಿಗೆ ಕಾನೂನು ನೆಟ್ಟಗಾಗಿದೆ. ಜಾರಿ ಎಷ್ಟು ನೆಟ್ಟಗಿದೆ ಎಂಬುದು ಬೇರೆ ಪ್ರಶ್ನೆ.

ಈಗ ಒಡೆತನಕ್ಕೆ ಬರೋಣ. ಒಂದು ಎಕರೆ ಜಮೀನು, ಅಂದರೆ 43,560 ಚದರಡಿ. ಅದರಲ್ಲಿ ಒಂದೇ ಅಳತೆಯ ನೂರು ಫ್ಲ್ಯಾಟುಗಳು ಎಂದುಕೊಳ್ಳಿ. ಒಬ್ಬೊಬ್ಬರ ಅವಿಭಜಿತ ಪಾಲು 435.6 ಚದರಡಿ. ಕ್ರಯಪತ್ರದಲ್ಲಿ ಮುಂದಿನ ಎಫ್‌ಎಆರ್ ಬಿಲ್ಡರನದು, ಅದಕ್ಕೆ ತಕ್ಕಂತೆ ಪಾಲು ಮರುಹೊಂದಾಣಿಕೆಗೆ ಒಳಪಟ್ಟಿರುತ್ತದೆ ಎಂಬ ವಾಕ್ಯವಿದೆ. ಮೂರು ವರ್ಷದ ನಂತರ ಇನ್ನೊಂದು ಅಂತಸ್ತಿನಲ್ಲಿ, ಇನ್ನೊಂದು ಮೂಲೆಯಲ್ಲಿ 20 ಫ್ಲ್ಯಾಟುಗಳು ಏಳುತ್ತವೆ. ಒಬ್ಬೊಬ್ಬರ ಪಾಲು ಈಗ 363 ಚದರಡಿ. ತಲಾ 72.6 ಚದರಡಿ ನೆಲ ಹೋಯಿತು. ಆ ಪ್ರದೇಶದಲ್ಲಿ ನೆಲದ ಬೆಲೆ ಚದರಡಿಗೆ 5,000 ರೂಪಾಯಿ ಎಂದಿಟ್ಟುಕೊಂಡರೂ ಇದು 3,63,000 ರೂಪಾಯಿಯ ಆಸ್ತಿ. ಅದರ ಜೊತೆಗೆ ಅದೇ ಲಿಫ್ಟು, ಅದೇ ಬೋರ್‌ವೆಲ್, ಕೊಳಚೆ ನೀರು ಶುದ್ಧೀಕರಿಸುವ ಅದೇ ಎಸ್‌ಟಿಪಿಗೆ 20 ಮನೆಗಳ ಹೊರೆ ಹೆಚ್ಚು. ಒಂದು ವಾಕ್ಯಕ್ಕೆ ಇಷ್ಟು ಬೆಲೆ. ಹಳೆಯ ದಾನಪತ್ರ ಮುಂದೆ ಬರುವ ಫಲವನ್ನೂ ಪಡೆದವರಿಗೇ ಎಣಿಸಿ ಕೊಡುತ್ತಿತ್ತು. ಈ ಪತ್ರ ಅದನ್ನೇ ಹಿಡಿದಿಟ್ಟುಕೊಳ್ಳುತ್ತದೆ.

ಕಾನೂನಿನಲ್ಲಿ ಇದಕ್ಕೆ ತಡೆಯಿಲ್ಲವೇ? ಇದೆ. ರೇರಾ ಕಾಯ್ದೆಯ 14ನೇ ಕಲಮಿನ ಪ್ರಕಾರ ಮಂಜೂರಾದ ನಕ್ಷೆಯನ್ನಾಗಲಿ ಸಾಮಾನ್ಯ ಪ್ರದೇಶಗಳನ್ನಾಗಲಿ ಬದಲಿಸಲು ಕೊಂಡವರಲ್ಲಿ ಕನಿಷ್ಠ ಮೂರನೇ ಎರಡು ಭಾಗದವರ ಪೂರ್ವಭಾವಿ ಲಿಖಿತ ಒಪ್ಪಿಗೆ ಬೇಕು. ತಾರಸಿ, ನೆಲಮಾಳಿಗೆ, ಉದ್ಯಾನ, ತೆರೆದ ಪಾರ್ಕಿಂಗ್ ಜಾಗ ಇವೆಲ್ಲ ಕಾಯ್ದೆಯ ವ್ಯಾಖ್ಯೆಯಲ್ಲೇ ಸಾಮಾನ್ಯ ಪ್ರದೇಶಗಳು. ಕಾಯ್ದೆಗೆ ವಿರುದ್ಧವಾದ ಇತರ ಕಾನೂನುಗಳ ಮೇಲೂ ಅದಕ್ಕೆ ಅಧಿಕಬಲ ಇದೆ. ಆದರೂ ಕರಾರು ಬರೆಯುವವರು ಒಂದು ದಾರಿ ಕಂಡುಕೊಂಡಿದ್ದಾರೆ. ಒಪ್ಪಿಗೆ ಬೇಕೇ? ಸರಿ, ಕರಾರಿನಲ್ಲೇ ಬರೆಸಿಕೊಳ್ಳೋಣ: ಮುಂದೆ ಮಾಡುವ ಯಾವುದೇ ಬದಲಾವಣೆಗೆ ಕೊಳ್ಳುವವರು ಈ ಮೂಲಕ ಒಪ್ಪಿದ್ದಾರೆ.

ಏನು ಬದಲಾವಣೆ ಎಂದೇ ತಿಳಿಯದೆ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ? ಮಹಾರಾಷ್ಟ್ರದಲ್ಲಿ ಈ ಪ್ರಶ್ನೆಗೆ ಉತ್ತರ ಸಿಕ್ಕಿದೆ. ಆ ರಾಜ್ಯದ ಫ್ಲ್ಯಾಟ್ ಕಾಯ್ದೆಯಡಿ ಬಂದ ಮಧುವಿಹಾರ್ ಸಹಕಾರ ಸಂಘದ ಪ್ರಕರಣದಲ್ಲಿ ಮುಂಬೈ ಹೈಕೋರ್ಟ್ 2010ರಲ್ಲಿ, ಕರಾರಿನ ಹೊತ್ತಿನಲ್ಲಿ ಸಾರಾಸಗಟಾಗಿ ಬರೆಸಿಕೊಂಡ ಒಪ್ಪಿಗೆ ಸಾಲದು, ನಿರ್ದಿಷ್ಟ ಯೋಜನೆಯನ್ನು ಮುಂದಿಟ್ಟು ತಿಳಿಸಿ ಪಡೆದ ಒಪ್ಪಿಗೆಯೇ ಬೇಕು ಎಂದಿತು. ಅದೇ ವರ್ಷ ಸುಪ್ರೀಂ ಕೋರ್ಟ್ ನಹಾಲ್‌ಚಂದ್ ಪ್ರಕರಣದಲ್ಲಿ ಸ್ಟಿಲ್ಟ್ ಪಾರ್ಕಿಂಗ್ ಜಾಗವನ್ನು (ಕಂಬಗಳ ಮೇಲೆ ನಿಂತ ಕಟ್ಟಡದ ಅಡಿಯ ಜಾಗ) ಬಿಲ್ಡರ್ ಪ್ರತ್ಯೇಕವಾಗಿ ಮಾರುವಂತಿಲ್ಲ ಎಂದು ಹೇಳಿತ್ತು. ಎರಡೂ ಆಸ್ತಿಯನ್ನೇ ಮುಟ್ಟಿದ ತೀರ್ಪುಗಳು. ಎರಡೂ ಹುಟ್ಟಿದ್ದು ಮಹಾರಾಷ್ಟ್ರದ ಕಾಯ್ದೆಯಿಂದ.

ಕರ್ನಾಟಕದ ಕಾಯ್ದೆ ಏನು ಹೇಳುತ್ತದೆ? ಓದಿದರೆ ಅಚ್ಚರಿಯಾಗುವಷ್ಟು ಗಟ್ಟಿಯಾದ ಮಾತು ನಮ್ಮಲ್ಲೇ ಇದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯ 6ನೇ ಕಲಮಿನ ಪ್ರಕಾರ ಪ್ರತಿಯೊಬ್ಬ ಒಡೆಯರಿಗೂ ಸಾಮಾನ್ಯ ಪ್ರದೇಶಗಳಲ್ಲಿ ಒಂದು ಶೇಕಡಾವಾರು ಅವಿಭಜಿತ ಹಿತವಿದೆ. ಆ ಶೇಕಡಾವಾರು ಶಾಶ್ವತ ಸ್ವರೂಪದ್ದು. ಎಲ್ಲ ಒಡೆಯರ ಒಪ್ಪಿಗೆಯಿಲ್ಲದೆ ಅದನ್ನು ಬದಲಿಸುವಂತಿಲ್ಲ. ಮೂರನೇ ಎರಡು ಭಾಗವೂ ಸಾಲದು, ಎಲ್ಲರೂ ಒಪ್ಪಬೇಕು. ಆದರೆ ಈ ಕಾಯ್ದೆ ಒಂದು ಕಟ್ಟಡಕ್ಕೆ ಅನ್ವಯವಾಗಬೇಕಾದರೆ ಘೋಷಣಾ ಪತ್ರವೊಂದು ನೋಂದಣಿಯಾಗಬೇಕು. ಆ ಪತ್ರವನ್ನು ಆರಂಭದಲ್ಲಿ ಬರೆಯುವವರು ಬಿಲ್ಡರ್. ಯಾವುದು ಸಾಮಾನ್ಯ ಪ್ರದೇಶ, ಯಾವುದು ಕೆಲವರಿಗೆ ಮಾತ್ರ ಮೀಸಲಾದ ಪ್ರದೇಶ ಎಂದು ವಿಂಗಡಿಸುವುದೂ ಆ ಪತ್ರವೇ. ಗಟ್ಟಿಯಾದ ಕಲಮು ಕಾಯುವುದು ಆ ಪತ್ರದಲ್ಲಿ ಬರೆದದ್ದನ್ನು. ಅದರಲ್ಲೇ ಕ್ಲಬ್‌ಹೌಸನ್ನೋ ತಾರಸಿಯನ್ನೋ ಹೊರಗಿಟ್ಟರೆ ಕಲಮಿಗೆ ಕಾಯಲು ಏನೂ ಉಳಿಯುವುದಿಲ್ಲ.

ಇದರ ಮೇಲೆ ಇನ್ನೊಂದು ಗೊಂದಲ. ರೇರಾ ಕಾಯ್ದೆಯ 17ನೇ ಕಲಮು ಸಾಮಾನ್ಯ ಪ್ರದೇಶಗಳ ಅವಿಭಜಿತ ಹಕ್ಕನ್ನು ಕೊಂಡವರ ಸಂಘಕ್ಕೆ ವರ್ಗಾಯಿಸಬೇಕು ಎನ್ನುತ್ತದೆ. ಕರ್ನಾಟಕದ ಕಾಯ್ದೆ ಅದೇ ಹಕ್ಕು ಒಬ್ಬೊಬ್ಬ ಒಡೆಯರಲ್ಲೂ ಇರುತ್ತದೆ ಎನ್ನುತ್ತದೆ. ಬೆಂಗಳೂರಿನ ಕ್ರಯಪತ್ರಗಳೂ ಅವಿಭಜಿತ ಪಾಲನ್ನು ವ್ಯಕ್ತಿಗಳ ಹೆಸರಿಗೇ ಬರೆಯುತ್ತವೆ. ಒಂದೇ ನೆಲ, ಎರಡು ಕಾನೂನು, ಇಬ್ಬರು ಒಡೆಯರು. ಇಂದು ಇದು ಬರೀ ಕಾಗದದ ತಕರಾರಿನಂತೆ ಕಾಣಬಹುದು. ಕಟ್ಟಡಕ್ಕೆ ನಲವತ್ತು ವರ್ಷವಾಗಿ ಕೆಡವಿ ಕಟ್ಟಬೇಕಾದ ದಿನ ನೆಲ ಯಾರದು, ಸಹಿ ಯಾರು ಹಾಕಬೇಕು ಎಂಬ ಪ್ರಶ್ನೆ ಎದ್ದೇ ಏಳುತ್ತದೆ. 1972ರ ಕಾಯ್ದೆಯನ್ನು ಹೊಸದಾಗಿ ಬರೆಯಬೇಕೆಂದು ಅಪಾರ್ಟ್‌ಮೆಂಟ್ ನಿವಾಸಿಗಳ ಒಕ್ಕೂಟಗಳು ವರ್ಷಗಳಿಂದ ಕೇಳುತ್ತಿರುವುದಕ್ಕೆ ಇದು ಸಾಕಾದಷ್ಟು ಕಾರಣ.

ಅನ್ಯಾಯದ ಷರತ್ತುಗಳ ಮೇಲಿನ ಕಾನೂನು ಆಸ್ತಿಯ ಹೊಸ್ತಿಲಲ್ಲಿ ನಿಲ್ಲುವುದು ನಮ್ಮಲ್ಲಿ ಮಾತ್ರ ಅಲ್ಲ. ಬ್ರಿಟನ್ನಿನ 1977ರ ಅನ್ಯಾಯದ ಕರಾರು ಷರತ್ತುಗಳ ಕಾಯ್ದೆ ಲೋಕಕ್ಕೇ ಮಾದರಿ ಎನಿಸಿಕೊಂಡಿತ್ತು. ಆದರೆ ಭೂಮಿಯಲ್ಲಿ ಹಿತವನ್ನು ಸೃಷ್ಟಿಸುವ ಅಥವಾ ವರ್ಗಾಯಿಸುವ ಕರಾರುಗಳನ್ನು ಅದರ ಮುಖ್ಯ ಕಲಮುಗಳಿಂದ ಅದೇ ಕಾಯ್ದೆಯ ಅನುಸೂಚಿ ಹೊರಗಿಟ್ಟಿತು. ಆಸ್ತಿ ಗಂಭೀರ ವಿಷಯ, ಎರಡೂ ಕಡೆ ವಕೀಲರಿರುತ್ತಾರೆ, ಓದಿಯೇ ಸಹಿ ಹಾಕುತ್ತಾರೆ ಎಂಬ ನಂಬಿಕೆ ಅದರ ಹಿಂದೆ ಇದ್ದಿರಬೇಕು. ಸಾವಿರ ಫ್ಲ್ಯಾಟುಗಳಿಗೆ ಒಂದೇ ಅಚ್ಚಿನ ಪತ್ರ ಬರುವ ಕಾಲಕ್ಕೆ ಆ ನಂಬಿಕೆ ಹೊಂದುವುದಿಲ್ಲ. ಗ್ರಾಹಕರ ಮಟ್ಟಿಗೆ ಬ್ರಿಟನ್ ನಂತರದ ಕಾನೂನುಗಳಲ್ಲಿ ಅದನ್ನು ಕೈಬಿಟ್ಟಿದೆ.

ನಮ್ಮಲ್ಲಿ ಕೆ.ಕೆ. ಮ್ಯಾಥ್ಯೂ ಅವರ ನೇತೃತ್ವದ ಕಾನೂನು ಆಯೋಗ 1984ರಲ್ಲೇ ತನ್ನ 103ನೇ ವರದಿಯಲ್ಲಿ ಕರಾರು ಕಾಯ್ದೆಗೆ ಹೊಸ ಅಧ್ಯಾಯ ಸೇರಿಸಿ ಅನ್ಯಾಯದ ಷರತ್ತುಗಳನ್ನು ನಿರಾಕರಿಸುವ ಅಧಿಕಾರ ನ್ಯಾಯಾಲಯಗಳಿಗೆ ಕೊಡಬೇಕೆಂದಿತ್ತು. 2006ರ 199ನೇ ವರದಿ ಪೂರ್ಣ ಮಸೂದೆಯನ್ನೇ ಬರೆದುಕೊಟ್ಟಿತು. ಎರಡೂ ಕಾನೂನಾಗಲಿಲ್ಲ. ಕೊನೆಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ಯಾಯದ ಕರಾರು ಎಂಬುದಕ್ಕೆ ವ್ಯಾಖ್ಯೆ ಕೊಟ್ಟಿತು. ಆದರೆ ಅದರ ಪಟ್ಟಿಯಲ್ಲಿ ಬಹುಪಾಲು ಅತಿಯಾದ ಠೇವಣಿ, ಅತಿಯಾದ ದಂಡ, ಏಕಪಕ್ಷೀಯ ರದ್ದತಿಯಂಥ ಸಂಗತಿಗಳಿವೆ. ಒಡೆತನದಿಂದ ತುಣುಕು ಕತ್ತರಿಸಿಕೊಳ್ಳುವ ವಾಕ್ಯವನ್ನು ಕೊನೆಯ ಸಾಮಾನ್ಯ ಕಲಮಿನೊಳಗೆ ಹೇಗೋ ತೂರಿಸಬೇಕು. ಜೊತೆಗೆ ಅನ್ಯಾಯದ ಕರಾರಿನ ದೂರನ್ನು ಜಿಲ್ಲಾ ಆಯೋಗಗಳು ಕೇಳುವಂತಿಲ್ಲ, ರಾಜ್ಯ ಅಥವಾ ರಾಷ್ಟ್ರೀಯ ಆಯೋಗಕ್ಕೇ ಹೋಗಬೇಕು.

ಫ್ಲ್ಯಾಟ್ ಕೊಳ್ಳುವವರಿಗಿಂತ ಹೆಚ್ಚು ಕಳೆದುಕೊಳ್ಳಬಲ್ಲ ಇನ್ನೊಂದು ವರ್ಗವಿದೆ: ಜಮೀನು ಕೊಡುವವರು. ದೇವನಹಳ್ಳಿ, ಆನೇಕಲ್, ಸರ್ಜಾಪುರದ ಕಡೆ ರೈತ ಕುಟುಂಬಗಳು ಜಂಟಿ ಅಭಿವೃದ್ಧಿ ಒಪ್ಪಂದಕ್ಕೆ ಸಹಿ ಹಾಕುತ್ತವೆ. ಪಹಣಿ ಕನ್ನಡದಲ್ಲಿದೆ, ಒಪ್ಪಂದ ಇಂಗ್ಲಿಷಿನಲ್ಲಿ. ಜೊತೆಗೆ ಹಿಂಪಡೆಯಲಾಗದ ಜಿಪಿಎ. ಕರಾರು ಕಾಯ್ದೆಯ 202ನೇ ಕಲಮಿನ ಪ್ರಕಾರ, ಅಧಿಕಾರ ಪಡೆದವನಿಗೆ ಆ ಸ್ವತ್ತಿನಲ್ಲೇ ಹಿತವಿದ್ದರೆ, ಆ ಹಿತಕ್ಕೆ ಧಕ್ಕೆ ಬರುವಂತೆ ಅಧಿಕಾರವನ್ನು ರದ್ದುಗೊಳಿಸುವಂತಿಲ್ಲ. ಆ ಹಿತ ಇದೆಯೋ ಇಲ್ಲವೋ ಎಂಬುದನ್ನು ಮತ್ತೆ ಪತ್ರದ ಮಾತುಗಳಿಂದಲೇ ಅಳೆಯಬೇಕು. ನಿಮ್ಮ ಪಾಲಿನ ಮನೆಗಳು ಯಾವ ಕಟ್ಟಡದಲ್ಲಿ, ಯಾವ ಮಹಡಿಯಲ್ಲಿ ಎಂದು ಬರೆಯದ ಒಪ್ಪಂದ, ಕೆಲಸ ನಿಂತರೆ ಜಮೀನು ಹೇಗೆ ವಾಪಸು ಎಂದು ಬರೆಯದ ಒಪ್ಪಂದ ಒಂದು ಕುಟುಂಬದ ಎರಡು ತಲೆಮಾರಿನ ಆಸ್ತಿಯನ್ನು ಅಡವಿಟ್ಟಂತೆ ಹಿಡಿದಿಡಬಲ್ಲದು. ತನ್ನ ಪಾಲಿನ ಫ್ಲ್ಯಾಟುಗಳನ್ನು ಮಾರಹೊರಟ ಭೂಮಾಲೀಕರು ರೇರಾದ ಕಣ್ಣಿನಲ್ಲಿ ಬಿಲ್ಡರ್ ಜೊತೆಗೆ ಪ್ರವರ್ತಕರೂ ಎನಿಸಿಕೊಳ್ಳಬಹುದು, ಹೊಣೆಯಂತೂ ಬಂತು.

ಇಲ್ಲಿ 2008ರ ಸುಪ್ರೀಂ ಕೋರ್ಟ್ ತೀರ್ಪೊಂದು ನೆನಪಿಡುವಂಥದ್ದು. ದೆಹಲಿಯ ಭೂಮಾಲೀಕರೊಬ್ಬರು ತಮ್ಮ ಜಾಗವನ್ನು ಬಿಲ್ಡರಿಗೆ ಕೊಟ್ಟಿದ್ದರು. ನೆಲಮಹಡಿ ಅವರಿಗೆ, ಮೇಲಿನವು ಬಿಲ್ಡರಿಗೆ. ಕಟ್ಟಡ ಸರಿಯಿಲ್ಲವೆಂದು ಗ್ರಾಹಕ ವೇದಿಕೆಗೆ ಹೋದಾಗ, ಇದು ಜಂಟಿ ಉದ್ಯಮ, ನೀವು ಗ್ರಾಹಕರಲ್ಲ ಎಂಬ ಉತ್ತರ ಬಂತು. ಪತ್ರಕ್ಕೆ ಏನು ಹೆಸರಿಟ್ಟಿದ್ದೀರಿ ಎಂಬುದು ಮುಖ್ಯವಲ್ಲ, ಒಳಗೆ ಏನಿದೆ ಎಂಬುದು ಮುಖ್ಯ ಎಂದ ನ್ಯಾಯಾಲಯ, ಲಾಭನಷ್ಟದಲ್ಲೂ ನಿರ್ವಹಣೆಯಲ್ಲೂ ಪಾಲಿಲ್ಲದ ಭೂಮಾಲೀಕರನ್ನು ಗ್ರಾಹಕರೆಂದೇ ಪರಿಗಣಿಸಿತು.

ಹೆಸರನ್ನು ದಾಟಿ ಒಳಹೊಕ್ಕು ಓದುವ ಈ ಅಭ್ಯಾಸ ಬಿಲ್ಡರುಗಳಿಗೆ ವಿರುದ್ಧವಾಗಿ ತೆರಿಗೆಯ ವಿಷಯದಲ್ಲೂ ನಡೆದಿದೆ, ಅದೂ ಕರ್ನಾಟಕದಿಂದಲೇ. ಇಲ್ಲಿ ನೆಲದ ಪಾಲಿಗೆ ಒಂದು ಕರಾರು, ಕಟ್ಟಿಕೊಡುವುದಕ್ಕೆ ಇನ್ನೊಂದು ಕರಾರು ಮಾಡುವ ಪದ್ಧತಿ ಬಹುಕಾಲ ಇತ್ತು. ನೆಲದ ಬೆಲೆಗೆ ಮಾತ್ರ ಮುದ್ರಾಂಕ ಶುಲ್ಕ ಬೀಳುತ್ತದೆ ಎಂಬುದು ಅದರ ಆಕರ್ಷಣೆ. ಕೊಳ್ಳುವವರ ಪರವಾಗಿ ಕಟ್ಟುತ್ತಿದ್ದೇವೆ ಎಂದು ನೀವೇ ಬರೆದ ಮೇಲೆ ಇದು ಕಾಮಗಾರಿ ಗುತ್ತಿಗೆ, ತೆರಿಗೆ ಕಟ್ಟಿ ಎಂದು ಸುಪ್ರೀಂ ಕೋರ್ಟ್ 2005ರ ಕೆ. ರಹೇಜಾ ಪ್ರಕರಣದಲ್ಲಿ ಹೇಳಿತು, 2013ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಲಾರ್ಸೆನ್ ಅಂಡ್ ಟೂಬ್ರೊ ಪ್ರಕರಣದಲ್ಲಿ ಅದನ್ನು ಖಚಿತಪಡಿಸಿತು. ಸರ್ಕಾರದ ಬೊಕ್ಕಸಕ್ಕಾಗಿ ಇಷ್ಟು ಸೂಕ್ಷ್ಮವಾಗಿ ಓದಬಲ್ಲ ವ್ಯವಸ್ಥೆ ಮನೆಯ ಒಡೆಯರಿಗಾಗಿಯೂ ಅಷ್ಟೇ ಸೂಕ್ಷ್ಮವಾಗಿ ಓದಬೇಕು ಎಂದು ಕೇಳುವುದು ಅತಿಯಾಸೆಯಲ್ಲ.

ಆಗಬೇಕಾದದ್ದು ಏನು? ಕರಾರಿನ ಮಾದರಿ ಈಗಾಗಲೇ ಕರ್ನಾಟಕದ ನಿಯಮಗಳ ಜೊತೆಗಿದೆ. ಅದರ ಮಾತಿಗೆ ವಿರುದ್ಧವಾಗದಂತೆ ಹೆಚ್ಚುವರಿ ಷರತ್ತು ಸೇರಿಸಬಹುದು ಎಂಬ ಅವಕಾಶವೂ ಅದರಲ್ಲಿದೆ, ಮತ್ತು ಕಾಯ್ದಿರಿಸಿದ ಹಕ್ಕುಗಳೆಲ್ಲ ಒಳಬರುವುದು ಆ ಬಾಗಿಲಿನಿಂದ. ನನ್ನ ದೃಷ್ಟಿಯಲ್ಲಿ ಮಾದರಿ ಬೇಕಾಗಿರುವುದು ಕರಾರಿಗಿಂತ ಹೆಚ್ಚಾಗಿ ಕ್ರಯಪತ್ರಕ್ಕೆ ಮತ್ತು ಘೋಷಣಾ ಪತ್ರಕ್ಕೆ. ಬಿಲ್ಡರ್ ಯಾವ ಹಕ್ಕುಗಳನ್ನು, ಎಷ್ಟು ಕಾಲದ ತನಕ ಉಳಿಸಿಕೊಳ್ಳಬಹುದು ಎಂದು ಎಣಿಸಿದ ಪಟ್ಟಿ ಕಾನೂನಿನಲ್ಲೇ ಇರಲಿ. ಪಟ್ಟಿಯಲ್ಲಿ ಇಲ್ಲದ್ದು ಕೊಂಡವರಿಗೆ ಸೇರಿತು ಎಂದಾಗಲಿ. ಮುಂಗಡವಾಗಿ ಬರೆಸಿಕೊಂಡ ಸಾರಾಸಗಟು ಒಪ್ಪಿಗೆಗೆ 14ನೇ ಕಲಮಿನಡಿ ಬೆಲೆಯಿಲ್ಲ ಎಂದು ಕರ್ನಾಟಕ ರೇರಾ ಪ್ರಾಧಿಕಾರ ಸಾಮಾನ್ಯ ನಿರ್ದೇಶನದ ರೂಪದಲ್ಲಿ ಹೇಳಲಿ. ಜಮೀನು ಕೊಡುವವರ ಒಪ್ಪಂದಗಳು ಕನ್ನಡದಲ್ಲಿರಲಿ, ಮತ್ತು ವ್ಯಾಜ್ಯದಲ್ಲಿ ಕನ್ನಡದ ಪಾಠವೇ ಊರ್ಜಿತವಾಗಲಿ. ಬರೀ ಅನುವಾದ ಲಗತ್ತಿಸಿದರೆ ಸಾಲದು. ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ನೋಡುವುದು ಶುಲ್ಕ ಸರಿಯೇ, ಸಹಿ ಹಾಕಿದವರು ಅವರೇ ಎಂಬುದನ್ನು. ಷರತ್ತು ನ್ಯಾಯವೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ, ಕೇಳುವ ಅಧಿಕಾರವೂ ಅವರಿಗಿಲ್ಲ.

ಕಾನೂನು ಬದಲಾಗುವ ತನಕ ಕೊಳ್ಳುವವರ ಕೈಯಲ್ಲಿ ಒಂದು ಸಾಧನವಂತೂ ಇದೆ. ರೇರಾ ಕಾಯ್ದೆಯ 4ನೇ ಕಲಮಿನ ಪ್ರಕಾರ ಯೋಜನೆಯ ನೋಂದಣಿ ಹೊತ್ತಿನಲ್ಲೇ ಬಿಲ್ಡರ್ ಹಂಚಿಕೆ ಪತ್ರ, ಮಾರಾಟದ ಕರಾರು ಮತ್ತು ಕ್ರಯಪತ್ರ ಮೂರರ ಕರಡನ್ನೂ ಪ್ರಾಧಿಕಾರಕ್ಕೆ ಸಲ್ಲಿಸಬೇಕು. ಮುಂಗಡ ಕೊಡುವ ಮೊದಲೇ ಆ ಮೂರನ್ನೂ ಕೇಳಿ ಪಡೆಯಿರಿ. ಕ್ರಯಪತ್ರದ ಕರಡಿನಲ್ಲಿ ತಾರಸಿ, ಮುಂದಿನ ಎಫ್‌ಎಆರ್, ಅವಿಭಜಿತ ಪಾಲಿನ ಮರುಹೊಂದಾಣಿಕೆ, ಪಕ್ಕದ ಜಮೀನಿಗೆ ದಾರಿ, ಬಿಲ್ಡರಿಗೆ ಕೊಡುವ ಅಧಿಕಾರಪತ್ರ ಈ ಐದೂ ಎಲ್ಲೆಲ್ಲಿ ಬರುತ್ತವೆ ಎಂದು ಗುರುತು ಹಾಕಿಸಿ. ಪಾಲನ್ನು ಚದರಡಿಯಲ್ಲಿಯೂ ಶೇಕಡಾವಾರಿನಲ್ಲಿಯೂ ಬರೆಸಿ, ಅದು ಬದಲಾಗದು ಎಂಬ ಸಾಲು ಸೇರಿಸಲು ಕೇಳಿ. ಒಬ್ಬರು ಕೇಳಿದರೆ ಇದು ಕಂಪನಿಯ ನಮೂನೆ, ಬದಲಿಸುವುದಿಲ್ಲ ಎಂಬ ಉತ್ತರ ಬರಬಹುದು. ಆಗ ಕೇಳಿದ್ದನ್ನೂ ಬಂದ ಉತ್ತರವನ್ನೂ ಇಮೇಲಿನಲ್ಲಿ ದಾಖಲಿಸಿ ಇಟ್ಟುಕೊಳ್ಳಿ. ಚುಕ್ಕಿ ಗೆರೆಯ ಮೇಲೆ ಸಹಿ ಹಾಕುವುದರ ಹೊರತು ಬೇರೆ ದಾರಿ ಇರಲಿಲ್ಲ ಎಂದು 2019ರ ತೀರ್ಪಿನ ಬಲದಿಂದ ವಾದಿಸಬೇಕಾದ ದಿನ ಬಂದರೆ, ಆ ಇಮೇಲು ಮೊದಲ ಸಾಕ್ಷ್ಯವಾಗುತ್ತದೆ.